ನೀರಿಗೆ ಇಳಿಯುವ ದಾರಿ



ಸಂತ ಲೂಕರ ಶುಭಸಂದೇಶದ ಐದನೆಯ ಅಧ್ಯಾಯವನ್ನು ನೀವು ಎಷ್ಟೋ ಬಾರಿ ಕೇಳಿರುವಿರಿ. ಗೆನೆಸರೇತ್ ಸರೋವರದ ದಡದಲ್ಲಿ ಎರಡು ದೋಣಿಗಳು ನಿಂತಿವೆ. ಬೆಸ್ತರು ಕೆಳಗಿಳಿದು ಬಲೆ ತೊಳೆಯುತ್ತಿದ್ದಾರೆ. ಮುಂದೆ ನಡೆಯಲಿರುವ ಅದ್ಭುತದತ್ತಲೇ ಮನಸ್ಸು ಓಡುವುದರಿಂದ, ಅವರು ನಿಂತಿದ್ದ ಆ ದಡ ಯಾರಿಗೆ ಸೇರಿದ್ದು ಎಂದು ನಾವು ಕೇಳುವುದಿಲ್ಲ. ಆದರೆ ಬೆಸ್ತನನ್ನು ಕೇಳಿ ನೋಡಿ. ಮೀನು ಇರುವುದು ನೀರಿನಲ್ಲಾದರೂ ಅವನ ಅರ್ಧ ಕೆಲಸ ನಡೆಯುವುದು ನೆಲದ ಮೇಲೆ. ಬಲೆ ಒಣಗಿಸಲು, ದೋಣಿ ಕಟ್ಟಲು, ಮೀನು ಹೊತ್ತುಕೊಂಡು ಊರು ಸೇರಲು ಅವನಿಗೆ ನೆಲ ಬೇಕು. ಆ ನೆಲ ಇನ್ನೊಬ್ಬನದಾಗಿದ್ದರೆ?

ಈ ಪ್ರಶ್ನೆ ಯೆಹೂದ್ಯರಿಗೆ ಹೊಸದಾಗಿರಲಿಲ್ಲ. ಯೆಹೋಶುವನು ನಾಡನ್ನು ಕುಲಗಳಿಗೆ ಹಂಚುವಾಗ ಹತ್ತು ಷರತ್ತುಗಳನ್ನು ವಿಧಿಸಿದನೆಂಬ ಪರಂಪರೆಯೊಂದು ತಾಲ್ಮುದ್ ಗ್ರಂಥದಲ್ಲಿದೆ. ಸರೋವರವು ನಫ್ತಾಲಿ ಕುಲದ ಪಾಲಿಗೆ ಬಂದಿತ್ತು. ಆದರೂ ಗಾಳ ಹಾಕಿ ಮೀನು ಹಿಡಿಯಲು ಅಲ್ಲಿ ಎಲ್ಲರಿಗೂ ಅವಕಾಶ. ದೋಣಿಗಳಿಗೆ ಅಡ್ಡಿಯಾಗುವಂತೆ ಬಲೆ ಕಟ್ಟಿ ನಿಲ್ಲಿಸಲು ಮಾತ್ರ ಇಲ್ಲ. ಅದೇ ಪಟ್ಟಿಯ ಇನ್ನೊಂದು ಷರತ್ತು ಪರರ ಹೊಲಗಳ ನಡುವಿನ ಕಾಲುದಾರಿಗಳಿಗೆ ಸಂಬಂಧಿಸಿದ್ದು: ಎರಡನೆಯ ಮಳೆ ಬೀಳುವವರೆಗೆ ಅಲ್ಲಿ ಯಾರು ಬೇಕಾದರೂ ನಡೆಯಬಹುದು. ಇದೆಲ್ಲ ಯೆಹೋಶುವನ ಕಾಲದ್ದೇ ಎಂದು ಇತಿಹಾಸಕಾರರು ಒಪ್ಪಬೇಕಾಗಿಲ್ಲ. ನನಗೆ ಹಿಡಿಸಿದ್ದು ಬೇರೊಂದು ವಿವರ. ನಫ್ತಾಲಿಗೆ ನೀರು ಮಾತ್ರವಲ್ಲದೆ ದಕ್ಷಿಣ ತೀರದಲ್ಲಿ ಒಂದು ಬಲೆಯ ಅಳತೆಯಷ್ಟು ಒಣನೆಲವೂ ದೊರೆಯಿತೆಂದು ತಾಲ್ಮುದ್ ಹೇಳುತ್ತದೆ. ಬಲೆ ಹರಡಲು ಜಾಗವಿಲ್ಲದವನಿಗೆ ಸರೋವರ ಕೊಟ್ಟು ಪ್ರಯೋಜನವೇನು ಎಂಬ ವಿವೇಕ ಅದರಲ್ಲಿದೆ.

ರೋಮನ್ನರೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಯೋಚಿಸಿದರು. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಪ್ರಕಟಿಸಿದ ಕಾನೂನು ಪಠ್ಯದ ಪ್ರಕಾರ ನದಿಗಳಲ್ಲಿ ಮೀನು ಹಿಡಿಯುವ ಹಕ್ಕು ಎಲ್ಲರದು. ದಂಡೆಯ ಒಡೆತನ ಅದಕ್ಕೆ ತಾಗಿದ ಜಮೀನಿನವನದು. ಆದರೆ ದಂಡೆಯ ಬಳಕೆ ಸಾರ್ವಜನಿಕ. ಅಲ್ಲಿನ ಮರಕ್ಕೆ ಯಾರು ಬೇಕಾದರೂ ದೋಣಿಯ ಹಗ್ಗ ಕಟ್ಟಬಹುದು, ಹೊರೆ ಇಳಿಸಬಹುದು. ಮರ ಒಬ್ಬನದು, ಹಗ್ಗ ಇನ್ನೊಬ್ಬನದು.

ಯೂರೋಪಿನ ಪಾಳೇಗಾರಿಕೆಯ ಕಾಲದಲ್ಲಿ ಈ ನಿಲುವು ಬಹುಮಟ್ಟಿಗೆ ಮರೆಯಾಯಿತು. ನದಿ, ಹಳ್ಳ, ಕೊಳಗಳು ಒಡೆಯರ ಪಾಲಾದವು. ಆಗಿನ ಸಂಕಟ ನಮಗೆ ನೇರವಾಗಿ ಕೇಳಿಸುವುದು 1525ರ ಜರ್ಮನಿಯಲ್ಲಿ. ಆ ವರ್ಷ ಸ್ವಾಬಿಯಾ ಪ್ರಾಂತದ ರೈತರು ಮೆಮ್ಮಿಂಗೆನ್ ಪಟ್ಟಣದಲ್ಲಿ ಸೇರಿ ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ಬರೆದವರು ತುಪ್ಪುಳುಚರ್ಮದ ಕಸುಬಿನ ಸೆಬಾಸ್ಟಿಯನ್ ಲೋಟ್ಸರ್ ಮತ್ತು ಬೋಧಕ ಕ್ರಿಸ್ಟೋಫ್ ಶಾಪ್ಲರ್ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಬೇಡಿಕೆಗಳ ಅಂಚಿನಲ್ಲಿ ಬೈಬಲಿನ ಆಧಾರಗಳನ್ನು ಕೊಟ್ಟಿದ್ದರು. ನಾಲ್ಕನೆಯದು ಬೇಟೆ ಮತ್ತು ಮೀನಿನ ಬಗ್ಗೆ. ಹರಿಯುವ ನೀರಿನಲ್ಲಿ ಬಡವನು ಮೀನು ಹಿಡಿಯಬಾರದೆಂಬುದು ಸಹೋದರಭಾವಕ್ಕೂ ದೇವರ ವಾಕ್ಯಕ್ಕೂ ಒಪ್ಪುವುದಿಲ್ಲ. ಸೃಷ್ಟಿಯ ದಿನದಂದು ದೇವರು ನೀರಿನ ಮೀನುಗಳ ಮೇಲಿನ ಅಧಿಕಾರವನ್ನು ಕೊಟ್ಟದ್ದು ಮನುಷ್ಯನಿಗೆ, ಎಂಬುದು ಅವರ ವಾದ.

ಓದುಗರೇ, ಇದರ ಮುಂದಿನ ಭಾಗವನ್ನು ದಯವಿಟ್ಟು ಗಮನಿಸಿ. ಅವರು ನೀರನ್ನು ಕಿತ್ತುಕೊಳ್ಳುತ್ತೇವೆ ಎನ್ನಲಿಲ್ಲ. ನೀರನ್ನು ಕ್ರಯಕ್ಕೆ ಪಡೆದುದಾಗಿ ಒಡೆಯನು ಪತ್ರ ತೋರಿಸಿದರೆ ಅದನ್ನು ಬಲಾತ್ಕಾರದಿಂದ ತೆಗೆದುಕೊಳ್ಳುವುದಿಲ್ಲ, ಕ್ರೈಸ್ತ ಪ್ರೀತಿಯಿಂದ ಅವನೊಡನೆ ಹೊಂದಿಕೊಳ್ಳೋಣ. ಪತ್ರವಿಲ್ಲದವನು ಮಾತ್ರ ಊರಿಗೆ ಬಿಟ್ಟುಕೊಡಲಿ ಎಂದರು. ದಂಗೆಕೋರರೆಂದು ಹೆಸರಾದವರ ಬಾಯಲ್ಲಿ ಬಂದ ಮಾತಿದು! ಮುಂದೆ ನಡೆದದ್ದು ದಾರುಣ. ಕೆಲವೆಡೆ ರೈತರೂ ರಕ್ತ ಹರಿಸಿದರು. ಅರಸರ ಸೈನ್ಯಗಳು ದಂಗೆಯನ್ನು ಹೊಸಕಿಹಾಕಿದವು. ಸತ್ತವರು ಹತ್ತಾರು ಸಾವಿರ. ಯಾರನ್ನು ಧರ್ಮದ ಆಸರೆಯೆಂದು ರೈತರು ನಂಬಿದ್ದರೋ ಆ ಮಾರ್ಟಿನ್ ಲೂಥರ್ ಮೊದಲು ಇಬ್ಬರಿಗೂ ಬುದ್ಧಿ ಹೇಳಿ, ಕೊನೆಗೆ ರೈತರ ವಿರುದ್ಧವೇ ಅತಿ ಕಠೋರವಾಗಿ ಬರೆದರು.

ಇದಾದ ಶತಮಾನದ ಬಳಿಕ ಇದೇ ಪ್ರಶ್ನೆ ಅಟ್ಲಾಂಟಿಕ್ ದಾಟಿತು. ಭರತವಿಳಿತ ಮುಟ್ಟದ ಒಳನಾಡಿನ ನದಿಗಳಲ್ಲಿ ಮೀನಿನ ಹಕ್ಕು ದಂಡೆಯ ಜಮೀನುದಾರನದು ಎಂಬುದು ಇಂಗ್ಲೆಂಡಿನ ರೂಢಿ. ಅಲ್ಲಿಂದ ಹೊರಟು ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ನೆಲೆಸಿದವರು 1641ರಲ್ಲಿ ತಮಗೊಂದು ಹಕ್ಕುಪಟ್ಟಿ ಮಾಡಿಕೊಂಡರು. ಅದನ್ನು ಬರೆದವರು ನಥಾನಿಯೇಲ್ ವಾರ್ಡ್ ಎಂಬ ಸಭಾಪಾಲಕರು. ಮನೆಯೊಡೆಯನಾದ ಪ್ರತಿಯೊಬ್ಬನಿಗೂ ತನ್ನ ಊರಿನ ದೊಡ್ಡ ಕೊಳಗಳಲ್ಲಿ, ಕೊಲ್ಲಿಗಳಲ್ಲಿ, ಭರತ ತಲಪುವವರೆಗಿನ ನದಿಗಳಲ್ಲಿ ಮೀನು ಹಿಡಿಯುವ ಸ್ವಾತಂತ್ರ್ಯವನ್ನು ಅದು ಸಾರಿತು. ಹಕ್ಕೇನೋ ಬಂತು. ಆದರೆ ಕೊಳದ ಸುತ್ತ ಹೊಲಗಳಿದ್ದರೆ ಕೊಳಕ್ಕೆ ಹೋಗುವುದು ಹೇಗೆ? 1647ರ ಸುಗ್ರೀವಾಜ್ಞೆ ಇದಕ್ಕೆ ಉತ್ತರ ಕೊಟ್ಟಿತು. ಹತ್ತು ಎಕರೆಗಿಂತ ದೊಡ್ಡದಾದ ಕೊಳವನ್ನು ಸೇರಲು ಯಾರು ಬೇಕಾದರೂ ಪರರ ಜಮೀನಿನಲ್ಲಿ ಕಾಲ್ನಡಿಗೆಯಿಂದ ಹೋಗಿಬರಬಹುದು; ಬೆಳೆಯನ್ನೂ ಹುಲ್ಲುಗಾವಲನ್ನೂ ಮಾತ್ರ ತುಳಿಯಬಾರದು.

ನ್ಯಾಯವು ಎಷ್ಟು ಸಣ್ಣ ಅಳತೆಗಳಲ್ಲಿ ಅಡಗಿರುತ್ತದೆ ನೋಡಿ! ಕಾಲ್ನಡಿಗೆ ಎಂದಾಗ ಗಾಡಿ ಹೊರಗುಳಿಯಿತು. ಬೆಳೆ ಎಂದಾಗ ರೈತನ ವರ್ಷದ ದುಡಿಮೆ ಉಳಿಯಿತು. ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಆ ಕೊಳಗಳಲ್ಲಿ ಬಹುಕಾಲದಿಂದ ಮೀನು ಹಿಡಿಯುತ್ತಿದ್ದವರು ಅಲ್ಲಿನ ಮೂಲನಿವಾಸಿಗಳು. ಎಲ್ಲರಿಗೂ ದಾರಿ ಬಿಟ್ಟ ವಲಸಿಗರು ಆ ನೆಲವನ್ನು ಪಡೆದ ಬಗೆಯೇ ಬೇರೊಂದು ದುಃಖದ ಅಧ್ಯಾಯ.

ಈ ವ್ಯಾಜ್ಯ ನಮ್ಮ ಕಾಲದಲ್ಲೂ ಮುಗಿದಿಲ್ಲ. ಅದೇ ದೇಶದ ಪಶ್ಚಿಮದಲ್ಲಿರುವ ಮೊಂಟಾನಾ ರಾಜ್ಯದ 1972ರ ಸಂವಿಧಾನ ಅಲ್ಲಿನ ನೀರೆಲ್ಲವೂ ಜನರ ಉಪಯೋಗಕ್ಕಾಗಿ ರಾಜ್ಯದ ಸ್ವತ್ತು ಎಂದಿತು. ಆದರೂ ಡಿಯರ್‌ಬಾರ್ನ್ ಮತ್ತು ಬೀವರ್‌ಹೆಡ್ ನದಿಗಳ ದಂಡೆಯ ಜಮೀನುದಾರರು ಗಾಳದವರನ್ನು ತಡೆದರು. 1984ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಜನರ ಪರವಾಗಿ ತೀರ್ಪಿತ್ತಿತು. 1985ರಲ್ಲಿ ಕಾಯಿದೆ ಬಂತು. ತಳದ ನೆಲ ಯಾರದೇ ಆಗಿರಲಿ, ನೀರು ಸಾಮಾನ್ಯವಾಗಿ ಏರುವ ಗುರುತಿನೊಳಗೆ ನಿಂತು ಮೀನು ಹಿಡಿಯಬಹುದು. ಆದರೆ ಆ ಗುರುತನ್ನು ಮುಟ್ಟಲು ಖಾಸಗಿ ಜಮೀನನ್ನು ದಾಟುವಂತಿಲ್ಲ. ಜಮೀನುದಾರರ ಅಹವಾಲನ್ನೂ ಕೇಳದೆ ಬಿಡಲಿಲ್ಲ: ದಂಡೆಯಲ್ಲಿ ರಾತ್ರಿ ಬಿಡಾರ ಹೂಡಲು ಅವಕಾಶ ಕೊಟ್ಟಿದ್ದ ಭಾಗವನ್ನು ನ್ಯಾಯಾಲಯ 1987ರಲ್ಲಿ ತೆಗೆದುಹಾಕಿತು. ಹಾಗಾದರೆ ನದಿಗೆ ಇಳಿಯುವುದೆಲ್ಲಿ? ರಸ್ತೆಯು ಹೊಳೆಯನ್ನು ದಾಟುವ ಸೇತುವೆಯ ಬಳಿ. ಜಗಳವೂ ಅಲ್ಲಿಗೇ ಬಂದು ನಿಂತಿತು. ರೂಬಿ ನದಿಯ ಸೇತುವೆಗಳ ಮಗ್ಗುಲಲ್ಲಿ ಬೇಲಿ ಎದ್ದಾಗ, ಸಾರ್ವಜನಿಕ ರಸ್ತೆಯ ಹಕ್ಕಿನಲ್ಲಿ ನೀರಿಗಿಳಿಯುವ ಹಕ್ಕೂ ಸೇರಬಹುದೆಂದು 2014ರಲ್ಲಿ ತೀರ್ಪಾಯಿತು.

ನಮ್ಮ ದೇಶದ ನ್ಯಾಯಾಲಯಗಳಿಗೂ ಜಸ್ಟಿನಿಯನ್ನನ ಪುಟಗಳು ಬೇಕಾದವು. ಹಿಮಾಚಲದಲ್ಲಿ ಹೋಟೆಲೊಂದು ತನ್ನ ಜಾಗವನ್ನು ಕಾಪಾಡಿಕೊಳ್ಳಲು ಬಿಯಾಸ್ ನದಿಯ ಹರಿವನ್ನೇ ತಿರುಗಿಸಿದಾಗ, ನದಿಗೆ ಸರ್ಕಾರ ಕೇವಲ ಜನರ ಪರವಾದ ಧರ್ಮದರ್ಶಿ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಹೇಳಿತು. 2009ರಲ್ಲಿ ನೆರೆಯ ಗೋವಾದ ವಾಂಗಿನಿಂ ಕಡಲತೀರದ ಮೊಕದ್ದಮೆಯಲ್ಲಿ, ಹೋಟೆಲಿನ ಕಟ್ಟಡದಿಂದ ಮುಚ್ಚಿಹೋಗಿದ್ದ ತೀರದ ದಾರಿಯನ್ನು ಜನರಿಗೆ ಮರಳಿ ಕೊಡಿಸುವಾಗಲೂ ಅದೇ ತತ್ತ್ವ ನೆರವಿಗೆ ಬಂತು.

ನಿಮ್ಮಲ್ಲಿ ಕೆಲವರ ತೋಟ ಹೊಳೆಯ ದಂಡೆಗೆ ತಾಗಿರಬಹುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣದಂತೆ, ಇನ್ನೊಬ್ಬರ ಹಕ್ಕು ಸ್ಥಾಪಿತವಾಗಿಲ್ಲದ ಕಡೆ, ನದಿ, ಹಳ್ಳ, ಕೆರೆಗಳ ಪಾತ್ರವೂ ಹರಿಯುವ ನೀರೂ ಸರ್ಕಾರದವು. ನಮ್ಮಲ್ಲಿ ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಅದು ಬೇರೆಯ ಮಾತು. ದಾರಿಯ ವಿಷಯಕ್ಕೆ ಬಂದರೆ 1882ರ ಅನುಭೋಗ ಹಕ್ಕುಗಳ ಕಾಯಿದೆಯಿದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕೆಂದು ಭಾವಿಸಿ, ಎಡೆಬಿಡದೆ ನಡೆದ ದಾರಿಯನ್ನು ಅದು ಗೌರವಿಸುತ್ತದೆ. ಊರಿನ ರೂಢಿಯಿಂದ ಬಂದ ಹಕ್ಕನ್ನೂ ಮಾನ್ಯ ಮಾಡುತ್ತದೆ. ಆದರೆ ಬದುವಿನ ಮೇಲೆ ನಡೆದು ಹೊಳೆಗಿಳಿಯುವವನು ಸಾಮಾನ್ಯವಾಗಿ ಕೋರ್ಟಿನ ಮೆಟ್ಟಿಲು ಹತ್ತುವವನಲ್ಲ. ಹೊಸ ತಂತಿಬೇಲಿ ಕಂಡ ದಿನ ಅವನು ಸ್ವಲ್ಪ ಹೊತ್ತು ನಿಂತು, ಬಲೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಸುತ್ತಿ ಬಳಸಿ ಹೋಗುತ್ತಾನೆ.