ಹೆಸರು ತಪ್ಪಿದರೆ ಕೇಸು ಬಿದ್ದುಹೋಗ್ತದಾ?

ಕಳೆದ ಸಲ ಊರಿಗೆ ಹೋದಾಗ ನಂದಿಕೂರಿನ ನಮ್ಮ ಪಕ್ಕದ ಮನೆಯ ಅಣ್ಣ ಒಂದು ನೋಟಿಸು ಹಿಡ್ಕೊಂಡು ಬಂದರು. ಹೆಲ್ಮೆಟ್ ಹಾಕದ್ದಕ್ಕೆ 500 ರೂಪಾಯಿ ದಂಡ. ಬೈಕ್ ಅವರದ್ದೇ, ಫೋಟೋದಲ್ಲಿದ್ದ ಬೋಳುತಲೆಯೂ ಅವರದ್ದೇ. ಆದ್ರೆ ಹೆಸರಲ್ಲಿ ಒಂದಕ್ಷರ ತಪ್ಪು, ಊರು ಪಡುಬಿದ್ರಿ ಅಂತ ಉಂಟು. "ಹೆಸರೇ ಸರಿ ಇಲ್ಲ, ಇದು ಕೋರ್ಟಲ್ಲಿ ನಿಲ್ಲುದಿಲ್ಲ ಅಲ್ವಾ ಮಾರಾಯ? ನೀನು ಬಿಇ ಓದಿದವ, ಹೇಳು."

ಬಿಇಯಲ್ಲಿ ಕಾನೂನು ಕಲಿಸುವುದಿಲ್ಲ. ಆದರೂ ಈ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ.

ಒಂದು ಕಾಲದಲ್ಲಿ ಅಣ್ಣ ಹೇಳಿದ್ದು ನಿಜವೇ, ಆದರೆ ಇಂಗ್ಲೆಂಡಿನಲ್ಲಿ. ಆರೋಪಪತ್ರದ ಹೆಸರಿಗೂ ಸಾಕ್ಷಿ ಹೇಳಿದ ಹೆಸರಿಗೂ ತಾಳೆಯಾಗದಿದ್ದರೆ ಆರೋಪಿ ಪಾರಾಗಬಹುದಿತ್ತು. ಸಣ್ಣ ಕಳ್ಳತನಕ್ಕೂ ನೇಣು ಇದ್ದ ಕಾಲವದು. ಕಾಗುಣಿತದ ತಪ್ಪು ಎಷ್ಟೋ ಜನರ ಜೀವ ಉಳಿಸಿದ್ದಿರಬೇಕು. 1851ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಕಾಯ್ದೆ ಮಾಡಿ, ಇಂಥ ತಪ್ಪನ್ನು ವಿಚಾರಣೆ ನಡುವೆಯೇ ತಿದ್ದಲು ಕೋರ್ಟಿಗೆ ಅಧಿಕಾರ ಕೊಟ್ಟಿತು.

ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಹಾಗಾಗಿ ಬ್ರಿಟಿಷರು ಬರೆದ ದಂಡ ಪ್ರಕ್ರಿಯಾ ಸಂಹಿತೆಯೇ ಇಲ್ಲಿಗೂ. 1898ರ ಸಂಹಿತೆಯ 225ನೇ ಕಲಂ ಇದೇ ವಿಷಯದ್ದು. ಅದರೊಳಗೆ ಒಂದು ಉದಾಹರಣೆ ಇದೆ, ಕತೆ ಓದಿದ ಹಾಗೆ ಆಗ್ತದೆ. ಒಬ್ಬನ ಮೇಲೆ 1882ರ ಜನವರಿ 21ರಂದು ಖುದಾ ಬಕ್ಷ್‌ನನ್ನು ಕೊಂದ ಆರೋಪ. ನಿಜವಾಗಿ ಸತ್ತವನು ಹೈದರ್ ಬಕ್ಷ್, ಅದೂ 20ಕ್ಕೆ. ಹೆಸರೂ ತಪ್ಪು, ತಾರೀಕೂ ತಪ್ಪು! ಆದರೆ ಆರೋಪಿಯ ಮೇಲೆ ಇದ್ದದ್ದು ಒಂದೇ ಕೊಲೆ ಕೇಸು, ಅದರ ವಿಚಾರಣೆಯನ್ನು ಅವನೇ ಕೂತು ಕೇಳಿದ್ದಾನೆ. ಹಾಗಾದರೆ ಅವನಿಗೆ ಗೊಂದಲ ಆಗಿಲ್ಲ, ತಪ್ಪು ಲೆಕ್ಕಕ್ಕಿಲ್ಲ. ಮುಂದಿನ ಉದಾಹರಣೆಯಲ್ಲಿ ಎರಡೂ ಕೊಲೆ ಒಬ್ಬನ ಮೇಲೆಯೇ. ಅವನು ಒಂದಕ್ಕೆ ಸಾಕ್ಷಿಗಳನ್ನು ಕರ್ಕೊಂಡು ಬಂದರೆ, ವಿಚಾರಣೆ ಇನ್ನೊಂದರದ್ದು. ಅಲ್ಲಿ ತಪ್ಪು ದೊಡ್ಡದಾಗ್ತದೆ.

ಸ್ವಾತಂತ್ರ್ಯ ಬಂದು, 1973ರಲ್ಲಿ ಹೊಸ ಸಂಹಿತೆ ಬರೆದಾಗಲೂ ಈ ಬಕ್ಷ್‌ಗಳು 215ನೇ ಕಲಂಗೆ ಬಂದು ಕೂತರು, 1882ರ ತಾರೀಕಿನ ಸಮೇತ. ಹಳೇ ಕೋಡನ್ನು ಕಾಪಿ ಪೇಸ್ಟ್ ಮಾಡುವುದು ನಮ್ಮ ಆಫೀಸಲ್ಲಿ ಮಾತ್ರ ಅಂತ ತಿಳಿದಿದ್ದೆ. ಅಣ್ಣನ ನೋಟಿಸಿಗೆ ಹೆಚ್ಚು ಹತ್ತಿರದ್ದು 465ನೇ ಕಲಂ: ದೂರು, ಸಮನ್ಸುಗಳಲ್ಲಿ ತಪ್ಪಿತ್ತು ಅಂತ ಮಾತ್ರಕ್ಕೆ ತೀರ್ಪನ್ನು ರದ್ದು ಮಾಡುವ ಹಾಗಿಲ್ಲ, ಅದರಿಂದ ನ್ಯಾಯ ಕೆಟ್ಟಿರಬೇಕು. 1955ರಲ್ಲಿ ವಿಲಿಯಂ ಸ್ಲೇನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಿಡಿದ ದಾರಿಯೂ ಅದೇ. ಆರೋಪಿಗೆ ತನ್ನ ಮೇಲಿನ ಆರೋಪ ಏನೆಂದು ಗೊತ್ತಿತ್ತಾ, ಉತ್ತರ ಕೊಡಲು ಅವಕಾಶ ಸಿಕ್ಕಿತಾ, ಅದು ಮುಖ್ಯ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಈ ಕಲಂಗಳ ನಂಬರು 238 ಮತ್ತು 511.

ಹಾಗಂತ ಎಲ್ಲಾ ತಪ್ಪೂ ಮಾಫಿ ಅಲ್ಲ. ಕ್ಯಾಮೆರಾ 8ನ್ನು ಬಿ ಅಂತ ಓದಿ, ಕಾರ್ಕಳದ ಯಾರದ್ದೋ ಸ್ಕೂಟರಿನ ದಂಡ ನಿಮಗೆ ಬಂದರೆ ಅದು ಅಕ್ಷರದೋಷ ಅಲ್ಲ, ಅಪರಾಧಿಯೇ ಬೇರೆ. ಇಮೇಜಿಂದ ಅಕ್ಷರ ಓದಿಸುವ ಪ್ರೋಗ್ರಾಂ ಬರೆದವರಿಗೆ ಗೊತ್ತು, ಇದು ಎಷ್ಟು ಸುಲಭವಾಗಿ ಆಗ್ತದೆ ಅಂತ. ಅದಕ್ಕೇ 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಿದರು. ಕ್ಯಾಮೆರಾ ಕೇಸಾದರೆ 15 ದಿನದೊಳಗೆ ನೋಟಿಸು ಬರಬೇಕು. ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೋ, ದಿನ, ಹೊತ್ತು, ಜಾಗ, ಯಾವ ಕಲಂ ಅಂತ ಎಲ್ಲಾ ಇರಬೇಕು. ತಕರಾರು ಇದ್ದರೆ ಹಿಡಿಯಬೇಕಾದ್ದು ಇವನ್ನು. ಅದೂ ಹಣ ಕಟ್ಟುವ ಮೊದಲು. ಕಟ್ಟಿದರೆ ಒಪ್ಪಿಕೊಂಡ ಹಾಗೆ.

ಇಷ್ಟೆಲ್ಲಾ ಹೇಳಿದೆ. ಅಣ್ಣ ಫೋಟೋದ ತಲೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು, "2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ರಲ್ಲ, ಅದು ಇನ್ನು ಯಾವಾಗ ಬರ್ತದೆ ಗೊತ್ತುಂಟಾ?"