ಗಣಕಯಂತ್ರದ ನಿದ್ರೆ: ಎ.ಸಿ.ಪಿ.ಐ. ನಿಬಂಧನೆಯೂ ಅದರ ಆಚರಣೆಯೂ

ಲಿಖಿತ ನಿಬಂಧನೆಗೂ ಅದರ ಆಚರಣೆಗೂ ನಡುವೆ ಬೀಳುವ ಅಂತರವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಗಣಕಯಂತ್ರವನ್ನು ನಿದ್ರೆಗೊಳಿಸಿ ಎಚ್ಚರಿಸುವ ಅಧಿಕಾರ ಯಾರದೆಂಬ ಪ್ರಶ್ನೆಯಲ್ಲಿ ಅಂಥ ಅಂತರವು ಹೇಗೆ ತೋರಿಬಂದಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಪ್ರಕಟಿಸಿದ ಎ.ಪಿ.ಎಂ. ಪದ್ಧತಿಯಲ್ಲಿ ಈ ಅಧಿಕಾರವು ಬಹುಮಟ್ಟಿಗೆ ಬಯೋಸ್‌ನ, ಎಂದರೆ ತಯಾರಕರು ಯಂತ್ರದೊಳಗೇ ಅಳವಡಿಸುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶದ ಕೈಯಲ್ಲಿತ್ತು. ಬಳಸುವವನು ಯಾವ ಕಾರ್ಯದಲ್ಲಿ ತೊಡಗಿರುವನೆಂಬುದನ್ನು ಬಯೋಸ್ ಅರಿಯದು. ಅದನ್ನು ಅರಿತ ಕಾರ್ಯಾಚರಣ ವ್ಯವಸ್ಥೆಗಾದರೋ ಪೂರ್ಣ ಅಧಿಕಾರವಿರಲಿಲ್ಲ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಹೊರಡಿಸಿದ ಎ.ಸಿ.ಪಿ.ಐ. ನಿಬಂಧನೆಯು ಈ ಕ್ರಮವನ್ನು ತಿರುಗಿಸಿತು. ನಿರ್ಧಾರವು ಕಾರ್ಯಾಚರಣ ವ್ಯವಸ್ಥೆಯದು. ಯಂತ್ರದ ವಿವರಗಳನ್ನೂ ಕಾರ್ಯವಿಧಾನಗಳನ್ನೂ ಫರ್ಮ್‌ವೇರ್ ಕೋಷ್ಟಕಗಳ ರೂಪದಲ್ಲಿ ಒದಗಿಸತಕ್ಕದ್ದು. ಎಸ್-3 ಎಂಬ ನಿದ್ರೆಯಲ್ಲಿ ಸ್ಮರಣಕೋಶವನ್ನುಳಿದು ಬಹುತೇಕ ಭಾಗಗಳಿಗೆ ವಿದ್ಯುತ್ತು ನಿಲ್ಲುತ್ತದೆ. ಎಚ್ಚರಗೊಳ್ಳುವಾಗ ಫರ್ಮ್‌ವೇರ್ ಮೊದಲು ಕೆಲಸಮಾಡಿ, ವ್ಯವಸ್ಥೆಯು ಮುಂಚೆಯೇ ಗೊತ್ತುಪಡಿಸಿದ ವಿಳಾಸಕ್ಕೆ ನಿಯಂತ್ರಣವನ್ನು ಒಪ್ಪಿಸುತ್ತದೆ. ಈ ಹಸ್ತಾಂತರದಲ್ಲಿ ಲೋಪವುಂಟಾದರೆ ಉಳಿಸಿಡದ ಬರಹವೆಲ್ಲ ನಷ್ಟವಾಗುವ ಸಂಭವವುಂಟು.

ನಿಬಂಧನೆಯು ಯಾವ ಒಂದು ವ್ಯವಸ್ಥೆಗೂ ಮೀಸಲಾಗಿರಲಿಲ್ಲ, ಆಚರಣೆ ಹಾಗಾಗಲಿಲ್ಲ. ಪಾವೆಲ್ ಮಾಚೆಕ್ ಅವರು 2003ರಿಂದ 2006ರವರೆಗೆ ಲಿನಕ್ಸ್ ವ್ಯವಸ್ಥೆಗಾಗಿ ಬರೆದ ಟಿಪ್ಪಣಿಯೊಂದು ಇದಕ್ಕೆ ಸಮಕಾಲೀನ ಆಧಾರವಾಗಿದೆ. ಎಚ್ಚರಗೊಂಡ ಮೇಲೂ ತೆರೆ ಬೆಳಗದಿದ್ದ ಯಂತ್ರಗಳ ಮಾದರಿಗಳನ್ನೂ, ಒಂದೊಂದಕ್ಕೆ ಒಂದೊಂದು ಬಗೆಯಾದ ಪರಿಹಾರೋಪಾಯಗಳನ್ನೂ ಅದರಲ್ಲಿ ಪಟ್ಟಿಮಾಡಲಾಗಿದೆ. ಇನ್ನೊಂದು ಸಾಕ್ಷ್ಯವು ಇದಕ್ಕಿಂತಲೂ ಸ್ಪಷ್ಟವಾದುದು. ಓ.ಎಸ್.ಐ. ಎಂಬ ವಿಧಾನದಿಂದ ಫರ್ಮ್‌ವೇರ್ ಕಾರ್ಯಾಚರಣ ವ್ಯವಸ್ಥೆಯನ್ನು ಪ್ರಶ್ನಿಸುವುದುಂಟು. ಆಗ ಲಿನಕ್ಸ್, ವಿಂಡೋಸಿನ ಹಲವು ಆವೃತ್ತಿಗಳ ಹೆಸರಿಗೆ ಹೌದೆನ್ನುತ್ತದೆ. ತನ್ನ ಹೆಸರಿಗೋ, 2007ರ 2.6.23ನೆಯ ಆವೃತ್ತಿಯಿಂದೀಚೆಗೆ ಸಾಮಾನ್ಯವಾಗಿ ಅಲ್ಲವೆನ್ನುತ್ತದೆ. ವಿಂಡೋಸಿಗಾಗಿ ಬರೆದ ವಿಧಾನವೇ ಪರೀಕ್ಷೆಗೊಳಗಾದ ವಿಧಾನವಾಗಿದ್ದುದರಿಂದ ಈ ವೇಷಧಾರಣೆ ಅನಿವಾರ್ಯವಾಯಿತು.

ಇದು ಯಾರೊಬ್ಬರ ಹೂಟವೆ? ಈ ನಿಬಂಧನೆಯ ವಿಸ್ತರಣೆಗಳು ವಿಂಡೋಸಿಗೇ ಸೀಮಿತವಾಗುವಂತೆ ಮಾಡಬಹುದೇ ಎಂದು ಬಿಲ್ ಗೇಟ್ಸ್ ಅವರು 1999ರ ಜನವರಿಯಲ್ಲಿ ಆಲೋಚಿಸಿ ಬರೆದ ಪತ್ರವು, ಅಮೆರಿಕೆಯ ಐಯೋವಾ ರಾಜ್ಯದ ಒಂದು ವ್ಯಾಜ್ಯದಲ್ಲಿ ಬೆಳಕಿಗೆ ಬಂದಿದೆ. ಆದರೆ ಆಲೋಚನೆಯನ್ನು ಕೃತ್ಯವೆಂದು ಎಣಿಸಲಾಗದು. ತಯಾರಕರು ತಮ್ಮ ಯಂತ್ರವನ್ನು ಬಹುಜನರು ಬಳಸುವ ವ್ಯವಸ್ಥೆಯೊಂದರಲ್ಲಿ ಪರೀಕ್ಷಿಸಿ ತೃಪ್ತರಾಗುತ್ತಿದ್ದುದೇ ಸಾಕಷ್ಟು ಕಾರಣವೆಂದು ನಾವು ಭಾವಿಸುತ್ತೇವೆ.

ತರುವಾಯದ ಘಟನೆಗಳೂ ಇದನ್ನೇ ಸಮರ್ಥಿಸುತ್ತವೆ. 2012ರ ವಿಂಡೋಸ್ 8 ಯಂತ್ರವನ್ನು ಪೂರ್ಣವಾಗಿ ನಿದ್ರೆಗೊಳಿಸದೆ ಜಾಲಸಂಪರ್ಕದಲ್ಲಿಯೇ ಇರಿಸುವ ಹೊಸ ಕ್ರಮವನ್ನು ತಂದಿತು. ಕಾಲಕ್ರಮದಲ್ಲಿ ಅನೇಕ ತಯಾರಕರು ಎಸ್-3ನ್ನೇ ಕೈಬಿಟ್ಟರು. 2013ರಲ್ಲಿ ಲಿನಕ್ಸ್ ಕೂಡ ಫರ್ಮ್‌ವೇರಿನ ನೆರವಿಲ್ಲದೆ ವಿರಮಿಸುವ ವಿಧಾನವೊಂದನ್ನು ಸೇರಿಸಿಕೊಂಡಿತು. ಅದೇ ವರ್ಷ ಎ.ಸಿ.ಪಿ.ಐ.ಯ ಪಾಲನೆಯು ಹಲವು ಸಂಸ್ಥೆಗಳ ಕೂಟವಾದ ಯು.ಇ.ಎಫ್.ಐ. ಫೋರಮ್ಮಿಗೆ ಸೇರಿತು. ನಿಬಂಧನೆಯ ಒಡೆತನವು ಹೀಗೆ ಹಂಚಿಹೋದರೂ ಅದರ ಅರ್ಥವನ್ನು ನಿರ್ಣಯಿಸುವ ಅಧಿಕಾರವು ಪರೀಕ್ಷಾಲಯದಲ್ಲಿಯೇ ಉಳಿಯಿತು. ಆದುದರಿಂದ ಇಂಥ ನಿಬಂಧನೆಗಳ ಚರಿತ್ರೆಯನ್ನು ಬರೆಯುವವರು ಮೂಲಪಾಠದೊಡನೆ ಅದು ಕೆಡುತ್ತಿದ್ದ ಸಂದರ್ಭಗಳ ಪಟ್ಟಿಗಳನ್ನೂ ಓದಬೇಕಾದುದು ಅವಶ್ಯ.