ಗಲ್ಫ್ ಪೆಟ್ಟಿಗೆಯಲ್ಲಿ ಬಂದ ಕಾರು

1990ರ ದಶಕದಲ್ಲಿ ಕಾಪು, ಕಾರ್ಕಳ, ಉಡುಪಿಯ ಕಡೆ ಬೆಳೆದ ನಮ್ಮಲ್ಲಿ ಅನೇಕರಿಗೆ ನಿಂಟೆಂಡೊ ಎಂಬ ಹೆಸರೇ ಗೊತ್ತಿರಲಿಲ್ಲ. ಆದರೆ ಆ ಕಂಪೆನಿಯ ಯಂತ್ರದ ನಕಲಿನಲ್ಲಿ ನಾವು ಗಂಟೆಗಟ್ಟಲೆ ಕಾರು ಓಡಿಸಿದ್ದೇವೆ. ನಮಗದು ಬರೇ ‘ವಿಡಿಯೋ ಗೇಮ್’.

ಮನೆಯ ಟಿವಿಗೆ ಜೋಡಿಸುವ ಆಟದ ಯಂತ್ರ ಮೊದಲು ಮಾರುಕಟ್ಟೆಗೆ ಬಂದದ್ದು 1972ರಲ್ಲಿ, ಅಮೆರಿಕದಲ್ಲಿ. ಹೆಸರು ಮ್ಯಾಗ್ನವಾಕ್ಸ್ ಒಡಿಸ್ಸಿ. ಅದರ ಪರದೆಯಲ್ಲಿ ಕಾರೂ ಇಲ್ಲ, ರಸ್ತೆಯೂ ಇಲ್ಲ. ರಸ್ತೆಯ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿ, ಹಿಂದಿನಿಂದ ಬೆಳಕಿನ ಚುಕ್ಕೆಯೊಂದನ್ನು ಓಡಿಸಬೇಕಿತ್ತು. 1977ರಲ್ಲಿ ಅಟಾರಿಯ ‘ಇಂಡಿ 500’ ಬಂತು. ಜಪಾನಿನಲ್ಲಿ ನಿಂಟೆಂಡೊ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಬಿಡುಗಡೆ ಮಾಡಿತು. ಅದಕ್ಕಾಗಿ 1984ರಲ್ಲಿ ‘ಎಫ್-1 ರೇಸ್’, ‘ಎಕ್ಸೈಟ್‌ಬೈಕ್’, ಮರುವರ್ಷ ಕೊನಾಮಿಯ ‘ರೋಡ್ ಫೈಟರ್’ ತಯಾರಾದವು.

ಇವು ನಮ್ಮೂರಿಗೆ ತಲುಪಿದ ದಾರಿ ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿನಿಂದ ರಜೆಯಲ್ಲಿ ಬರುವವರು ಹೆಚ್ಚಾಗಿ ಮುಂಬೈಯಲ್ಲಿ ಇಳಿದು, ಕಸ್ಟಮ್ಸ್ ದಾಟಿ, ರಾತ್ರಿ ಬಸ್ಸು ಹಿಡಿಯುತ್ತಿದ್ದರು. ಹಗ್ಗ ಬಿಗಿದ ಪೆಟ್ಟಿಗೆಯಲ್ಲಿ ಟ್ಯಾಂಗ್, ಟೈಗರ್ ಬಾಮ್, ಕಂಬಳಿಯ ನಡುವೆ ಈ ಯಂತ್ರ. ಸೌದಿಯಿಂದ ತಂದದ್ದಾದರೆ ಇನ್ನೊಂದು ಆತಂಕ: ಅಲ್ಲಿನ ಮನೆಗಳಲ್ಲಿ ಆಗ 127 ವೋಲ್ಟ್, ಇಲ್ಲಿ 230. ಗಮನಿಸದೆ ಪ್ಲಗ್ ಹಾಕಿದರೆ ಅಡಾಪ್ಟರ್ ಸುಟ್ಟು ವಾಸನೆ ಬರುತ್ತಿತ್ತು. ಎರಡು ವರ್ಷ ದುಡಿದು ತಂದ ವಸ್ತು! (ದೇಶದೊಳಗೆ ‘ಸಮುರಾಯ್’ ಎಂಬ ಯಂತ್ರವೂ ಸಿಗುತ್ತಿತ್ತು.)

ಯಂತ್ರವಿದ್ದ ಮನೆ ಬ್ಯಾರಿಗಳದ್ದಾದರೂ ಸರಿ, ಕ್ರೈಸ್ತರದ್ದಾದರೂ ಸರಿ, ಟಿವಿಯ ಮುಂದೆ ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದರು. ಹುಡುಗಿಯರ ಸರದಿ ಬರುತ್ತಿದ್ದದ್ದು ಹುಡುಗರು ಕ್ರಿಕೆಟ್ಟಿಗೆ ಹೋದ ಮೇಲೆ ಎಂಬುದನ್ನೂ ಹೇಳಬೇಕು.

ಎಲ್ಲರಿಗೂ ಬೇಕಿದ್ದುದು ರೋಡ್ ಫೈಟರ್. ಕೆಂಪು ಕಾರು, ಮೇಲಿನಿಂದ ನೋಡಿದ ರಸ್ತೆ, ಬದಿಯಲ್ಲಿ ಇಳಿಯುತ್ತಲೇ ಇರುವ ಪೆಟ್ರೋಲ್. ಇಲ್ಲಿ ಎದುರಾಳಿಗಿಂತ ಮೊದಲು ಗುರಿ ಮುಟ್ಟುವ ಪ್ರಶ್ನೆಯಿಲ್ಲ. ಪೆಟ್ರೋಲ್ ಮುಗಿಯುವ ಮೊದಲು ಮುಟ್ಟಬೇಕು. ಬಣ್ಣಬಣ್ಣದ ಕಾರನ್ನು ತಾಗಿದರೆ ಒಂದಿಷ್ಟು ಪೆಟ್ರೋಲ್ ಸಿಗುತ್ತದೆ, ಲಾರಿಗೆ ತಾಗಿದರೆ ಕಾರು ಚೂರು. ಅಪಘಾತವಿಲ್ಲದೆ ಬಹಳ ದೂರ ಸಾಗಿದರೆ ರಸ್ತೆಬದಿಯಲ್ಲಿ ಒಬ್ಬ ಹಾರಿ ಹೋಗುತ್ತಾನೆ. ಅವನು ಕೊನಾಮಿ ಮ್ಯಾನ್. ನಮಗವನು ಸೂಪರ್‌ಮ್ಯಾನ್, 1997ರ ನಂತರದ ಮಕ್ಕಳಿಗೆ ಶಕ್ತಿಮಾನ್.

ಹತ್ತು ವರ್ಷ ಹಳೆಯ ಆಟಗಳೇ ನಮ್ಮ ಪಾಲಿಗೆ ಹೊಸತಾಗಿ ಉಳಿದದ್ದಕ್ಕೆ ಅವುಗಳ ಗಾತ್ರವೂ ಕಾರಣ. ಎಕ್ಸೈಟ್‌ಬೈಕ್ ಇಡೀ ಆಟ ಬರೇ 24 ಕಿಲೋಬೈಟ್. ಹಾಗಾಗಿ ನಕಲು ಮಾಡುವವರು ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ತುಂಬಿ, ಸಾವಿರಗಟ್ಟಲೆ ಇದೆಯೆಂದು ಮೇಲೆ ಅಚ್ಚು ಹಾಕುತ್ತಿದ್ದರು. ಎಷ್ಟೋ ಸಲ ತಯಾರಕರ ಹೆಸರನ್ನೂ ಅಳಿಸುತ್ತಿದ್ದರು. ಎಫ್-1 ರೇಸಿನ ಪ್ರೋಗ್ರಾಂ ಬರೆದ ಸತೋರು ಇವಾಟ 2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದರೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಆ ವೇಳೆಗೆ ಮಣಿಪಾಲದಲ್ಲಿ ಓದುವವರು ಕಂಪ್ಯೂಟರಿನಲ್ಲಿ ‘ನೀಡ್ ಫಾರ್ ಸ್ಪೀಡ್’ ಆಡತೊಡಗಿದ್ದರು.

ಎಕ್ಸೈಟ್‌ಬೈಕಿನಲ್ಲಿ ನಾವೇ ಓಟದ ದಾರಿ ಕಟ್ಟಬಹುದಿತ್ತು: ದಿಬ್ಬ, ಕೆಸರು, ಇಳಿಜಾರು. ಕಂಬಳ ನೋಡಿ ಬಂದ ಮಕ್ಕಳು ದಾರಿಯುದ್ದಕ್ಕೂ ಕೆಸರೇ ತುಂಬುತ್ತಿದ್ದರು. ಕಟ್ಟಿದ್ದನ್ನು ಉಳಿಸಲು ‘ಸೇವ್’ ಎಂಬ ಆಯ್ಕೆಯೂ ಇತ್ತು. ಒತ್ತಿದರೆ ಉಪಯೋಗವಿಲ್ಲ, ಅದಕ್ಕೆ ಜಪಾನಿನಲ್ಲಿ ಮಾತ್ರ ಮಾರಿದ ಟೇಪ್ ರೆಕಾರ್ಡರ್ ಬೇಕಿತ್ತು. ಸಂಜೆ ಕರೆಂಟು ಹೋದರೆ ದಾರಿಯೂ ಹೋಯಿತು. ಮರುದಿನ ಮೊದಲ ದಿಬ್ಬದಿಂದ ಮತ್ತೆ ಕಟ್ಟುತ್ತಿದ್ದೆವು.